ಬಾಗಿಲಲ್ಲೇ ಇಟ್ಟು ಬಂದ ಅಕ್ಕಿ

ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಇದು ತಪಸ್ಸುಕಾಲ, ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ಕಾಲ. ಪ್ರಾರ್ಥನೆ, ಉಪವಾಸ, ದಾನಧರ್ಮ ಅಂತ ಚರ್ಚಿನಲ್ಲಿ ಪ್ರತಿ ವಾರ ಕೇಳುತ್ತಿದ್ದೇವೆ. ಈ ತಿಂಗಳು ಬಂದ ಪತ್ರಗಳಲ್ಲಿ ಪ್ರಾರ್ಥನೆಯ ಬಗ್ಗೆ ಇದ್ದದ್ದು ಒಂದು, ಉಪವಾಸದ ಬಗ್ಗೆ ಎರಡು. ಉಳಿದದ್ದೆಲ್ಲ ಮೂರನೆಯದರ ಬಗ್ಗೆಯೇ. ಯಾರಿಗೆ ಕೊಡಬೇಕು, ಎಷ್ಟು ಕೊಡಬೇಕು, ಎಲ್ಲಿಯವರೆಗೆ ಕೊಡಬೇಕು ಅಂತ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ಹೊಸ ಓದುಗರಿಗೆ ಒಂದು ಮಾತು: ನಾನು ಮಠದ ಸಿಸ್ಟರ್ ಅಲ್ಲ, ಮೂವತ್ತನಾಲ್ಕು ವರ್ಷ ಮಂಗಳೂರಿನ ಕಡೆ ಆಸ್ಪತ್ರೆಯ ವಾರ್ಡುಗಳಲ್ಲಿ ಕೆಲಸ ಮಾಡಿದ ನರ್ಸ್.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಸಿಸ್ಟರ್, ನಾನು ಕಾಫಿ ತೋಟದಲ್ಲಿ ರೈಟರ್, ಕೂಲಿಯವರ ಲೆಕ್ಕ ಬರೆಯುವವ. ತಿಂಗಳಿಗೆ ಇಷ್ಟು ಅಂತ ಚರ್ಚಿಗೆ ಕೊಡುತ್ತೇನೆ. ಬಡವರಿಗೆ ನೆರವಾಗುವ ವಿನ್ಸೆಂಟ್ ದಿ ಪೌಲ್ ಸಭೆಯ ಡಬ್ಬಿಗೂ ಹಾಕುತ್ತೇನೆ. ನಮ್ಮ ಹತ್ತಿರದ ಲೈನ್ ಮನೆಯಲ್ಲಿ ಒಂದು ಸಂಸಾರ ಇದೆ. ಗಂಡ ಕುಡಿಯುತ್ತಾನೆ, ಕೆಲಸಕ್ಕೆ ಹೋಗುವುದಿಲ್ಲ. ಹೆಂಡತಿ ತೋಟಕ್ಕೆ ಬರುತ್ತಾಳೆ. ಇಬ್ಬರು ಸಣ್ಣ ಮಕ್ಕಳು. ವಾರಕ್ಕೆ ಎರಡು ಸಲ ನಮ್ಮ ಬಾಗಿಲಿಗೆ ಬಂದು ಅಕ್ಕಿ, ಎಣ್ಣೆ, ಒಮ್ಮೊಮ್ಮೆ ಇನ್ನೂರು ಮುನ್ನೂರು ರೂಪಾಯಿ ಕೇಳುತ್ತಾಳೆ. ವಾಪಸು ಬಂದದ್ದಿಲ್ಲ. ನನ್ನ ಹೆಂಡತಿಗೆ ಸಾಕಾಗಿದೆ. ಕೆಲಸ ಮಾಡದವನು ಊಟ ಮಾಡಬಾರದು ಅಂತ ಸಂತ ಪೌಲರೇ ಬರೆದಿದ್ದಾರಲ್ಲ? ಚರ್ಚಿಗೆ ಕೊಟ್ಟ ಮೇಲೆ ನನ್ನ ಪಾಲಿನ ಜವಾಬ್ದಾರಿ ಮುಗಿಯುವುದಿಲ್ಲವೇ? ಹೀಗೆ ಕೊಡುತ್ತಾ ಇರುವುದು ಎಲ್ಲಿಯವರೆಗೆ?

ಉತ್ತರ: ತಮ್ಮ, ಮೊದಲು ಆ ವಾಕ್ಯಕ್ಕೆ ಬರುತ್ತೇನೆ. ಥೆಸಲೋನಿಕದವರಿಗೆ ಬರೆದ ಎರಡನೇ ಪತ್ರ, 3ನೇ ಅಧ್ಯಾಯ, 10ನೇ ವಾಕ್ಯ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಬೇರೆ ಯಾವ ವಾಕ್ಯ ನೆನಪಿಲ್ಲದವರಿಗೂ ಇದು ಬಾಯಿಪಾಠ. ಆದರೆ ಪೌಲರು ಹೇಳಿದ್ದು ಕೆಲಸ ಸಿಗದವನ ಬಗ್ಗೆ ಅಲ್ಲ, ಕೈಲಾಗದವನ ಬಗ್ಗೆಯೂ ಅಲ್ಲ. ಕೆಲಸ ಮಾಡಲು ಒಲ್ಲದವನ ಬಗ್ಗೆ. ನಿಮ್ಮ ಪತ್ರದಲ್ಲಿ ಅಂಥವನು ಒಬ್ಬನೇ ಇದ್ದಾನೆ, ಅವನು ನಿಮ್ಮ ಬಾಗಿಲಿಗೆ ಬಂದಿಲ್ಲ. ಬಂದವಳು ಬೆಳಗ್ಗಿನಿಂದ ತೋಟದಲ್ಲಿ ದುಡಿದು ಬಂದವಳು. ಮಕ್ಕಳಿಗಂತೂ ದುಡಿಯುವ ವಯಸ್ಸಲ್ಲ. ಅದೇ ಅಧ್ಯಾಯದಲ್ಲಿ ಇನ್ನು ಮೂರು ವಾಕ್ಯ ಮುಂದೆ ಓದಿ. ಒಳ್ಳೆಯದನ್ನು ಮಾಡುವುದರಲ್ಲಿ ಬೇಸರಪಡಬೇಡಿ ಅಂತ ಅಲ್ಲಿದೆ. 10ನ್ನು ಹೇಳುವವರು 13ನ್ನೂ ಹೇಳಬೇಕು, ಅಲ್ವಾ?

ಇನ್ನು, ಚರ್ಚಿಗೆ ಕೊಟ್ಟರೆ ಮುಗಿಯಿತಾ? ಇಲ್ಲ. ಡಬ್ಬಿಗೆ ಹಾಕುವುದನ್ನು ನಿಲ್ಲಿಸಬೇಡಿ, ಅದರಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತದೆ. ಆದರೆ ಡಬ್ಬಿಗೆ ಆ ಹೆಂಗಸಿನ ಹೆಸರು ಗೊತ್ತಿಲ್ಲ, ನಿಮಗೆ ಗೊತ್ತು. ಲೂಕನ ಶುಭಸಂದೇಶದ 16ನೇ ಅಧ್ಯಾಯದಲ್ಲಿ ಸಿರಿವಂತ ಮತ್ತು ಲಾಜರನ ಕಥೆ ಬರುತ್ತದೆ. ಲಾಜರ ಹಸಿದುಕೊಂಡು ಬಿದ್ದಿದ್ದದ್ದು ಸಿರಿವಂತನ ಮನೆ ಬಾಗಿಲಲ್ಲೇ. ಸಿರಿವಂತ ಅವನನ್ನು ಹೊಡೆದ, ಓಡಿಸಿದ ಅಂತ ಎಲ್ಲೂ ಇಲ್ಲ. ಇಬ್ಬರೂ ಸತ್ತ ಮೇಲೆ ಸಿರಿವಂತ ನರಕದ ಬೆಂಕಿಯಿಂದ ಬೇಡುತ್ತಾನೆ, ಲಾಜರನನ್ನು ಕಳಿಸಿ, ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ನನ್ನ ನಾಲಿಗೆ ತಂಪು ಮಾಡಲಿ ಅಂತ. ಹೆಸರು ಹಿಡಿದೇ ಕೇಳುತ್ತಾನೆ ನೋಡಿ. ಅಂದರೆ ಹೆಸರು ಮೊದಲೇ ಗೊತ್ತಿತ್ತು. ಅದು ಗೊತ್ತಿದ್ದೂ ದಿನಾ ದಾಟಿಕೊಂಡು ಓಡಾಡಿದ. ಈ ಭಾಗ ಓದುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾಕೆ ಅಂತ ಹೇಳುತ್ತೇನೆ.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ನಮ್ಮ ಚರ್ಚಿನ ವಾಡೆಯಲ್ಲಿ ಒಬ್ಬರು ವಯಸ್ಸಾದ ಬಾಯಮ್ಮ ಒಬ್ಬರೇ ಇದ್ದರು. ಅವರಿಗೆ ತಿಂಗಳಿಗೆ ಹತ್ತು ಕಿಲೋ ಕುಚ್ಚಲಕ್ಕಿ ಕೊಡುವುದು ಅಂತ ನಮ್ಮ ಸಭೆಯಲ್ಲಿ ತೀರ್ಮಾನವಾಯಿತು. ಒಯ್ದು ಕೊಡುವ ಕೆಲಸ ನನ್ನದು. ತಿಂಗಳ ಮೊದಲ ಭಾನುವಾರ ಪೂಜೆ ಮುಗಿಸಿ, ಚೀಲ ಹೊತ್ತುಕೊಂಡು ಹೋಗಿ, ಜಗಲಿಯಲ್ಲಿ ಇಟ್ಟು, "ಬಾಯಮ್ಮ, ಅಕ್ಕಿ ಇಟ್ಟಿದ್ದೇನೆ" ಅಂತ ಕೂಗುತ್ತಿದ್ದೆ. ಅವರು ಒಳಗಿನಿಂದಲೇ, "ಬಾ ಮಗಾ, ಒಂದು ಲೋಟ ಚಹಾ ಕುಡಿದು ಹೋಗು" ಅನ್ನುತ್ತಿದ್ದರು. ನಾನು, "ಇನ್ನೊಮ್ಮೆ ಬರ್ತೇನೆ, ಡ್ಯೂಟಿ ಇದೆ" ಅನ್ನುತ್ತಿದ್ದೆ. ಡ್ಯೂಟಿ ಇದ್ದದ್ದು ನಿಜ. ಐದು ತಿಂಗಳು ಹೀಗೇ ಆಯಿತು.

ಆರನೇ ತಿಂಗಳು ಅವರೇ ನಾನಿದ್ದ ವಾರ್ಡಿಗೆ ಬಂದರು. ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮೈಯಲ್ಲಿ ಮಾಂಸವೇ ಇರಲಿಲ್ಲ. ಅವರ ಮನೆಗೆ ಬೀಗ ಹಾಕಿ ಬರಲು ಹೋದವಳು ನಾನು. ಅಡುಗೆಮನೆಯ ಮೂಲೆಯಲ್ಲಿ ನಾನು ಕೊಟ್ಟ ಚೀಲಗಳಿದ್ದವು. ನಾಲ್ಕು. ಮೂರರ ಬಾಯಿಗೆ ಕಟ್ಟಿದ ಹುರಿ ಬಿಚ್ಚಿರಲೇ ಇಲ್ಲ. ಒಂದು ಚೀಲದಲ್ಲಿ ಹುಳ ಹಿಡಿದಿತ್ತು. ಕುಚ್ಚಲಕ್ಕಿ ಬೇಯಲು ತುಂಬಾ ಹೊತ್ತು ಬೇಕು. ಅಷ್ಟು ಕಟ್ಟಿಗೆ ತರಲು ಅವರಿಂದ ಆಗುತ್ತಿರಲಿಲ್ಲ. ವಾತದಿಂದ ಬೆರಳುಗಳು ಮಡಚಿಕೊಂಡಿದ್ದವು, ಬಿಸಿ ಪಾತ್ರೆ ಎತ್ತಿ ಗಂಜಿ ಬಸಿಯಲು ಆಗುತ್ತಿರಲಿಲ್ಲ. ಚಹಾ ಕಾಸಲು ನಾಲ್ಕು ಒಣ ತೆಂಗಿನ ಗರಿ ಸಾಕು. ಅದಷ್ಟನ್ನೇ ಕಾಸಿಕೊಂಡು, ಅದರಲ್ಲಿ ರಸ್ಕು ಅದ್ದಿ ತಿಂದು ದಿನ ಕಳೆದಿದ್ದರು. ಒಂದೇ ಒಂದು ದಿನ ಒಳಗೆ ಹೋಗಿ ಐದು ನಿಮಿಷ ಕೂತಿದ್ದರೆ ನನಗೆ ಆ ಬೆರಳುಗಳು ಕಾಣುತ್ತಿದ್ದವು. ನಾನು ನರ್ಸ್. ಬೆರಳು ನೋಡುವುದು ನನ್ನ ಕೆಲಸವಾಗಿತ್ತು.

ಅವರು ಆ ವಾರ್ಡಿನಿಂದ ಮನೆಗೆ ಮರಳಲಿಲ್ಲ.

ನೀವು ಡಬ್ಬಿಗೆ ಹಾಕುವ ಆ ಸಭೆ ಶುರುವಾದದ್ದೇ ಮನೆಯೊಳಗೆ ಹೋಗುವ ಕೆಲಸದಿಂದ. 1833, ಪ್ಯಾರಿಸ್ ಪಟ್ಟಣ. ಹಿಂದಿನ ವರ್ಷವಷ್ಟೇ ಕಾಲರಾ ಬಂದು ಜನ ಕಂಗಾಲಾಗಿದ್ದರು. ಫ್ರೆಡರಿಕ್ ಓಝಾನಮ್ ಕಾನೂನು ಓದುತ್ತಿದ್ದ 20 ವರ್ಷದ ಹುಡುಗ. ಚರ್ಚಾಕೂಟವೊಂದರಲ್ಲಿ ಎದುರಿನವರು ಸವಾಲು ಹಾಕಿದರು. ನಿಮ್ಮ ಧರ್ಮ ಹಿಂದೆ ಒಳ್ಳೆಯ ಕೆಲಸ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ತೋರಿಸಿ ಅಂತ. ಓಝಾನಮ್ ಮತ್ತು ಗೆಳೆಯರು ವಾದ ಬಿಟ್ಟು ಕೆಲಸಕ್ಕೆ ಇಳಿದರು. ಆದರೆ ಕೆಲಸ ಹೇಗೆ ಮಾಡಬೇಕು ಅಂತ ಅವರಿಗೆ ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಸಿಸ್ಟರ್ ರೋಸಲಿ ರಾಂದು. ಬಡವರ ಕೇರಿಗಳಲ್ಲಿ ವರ್ಷಗಟ್ಟಲೆ ಓಡಾಡಿದ ಕನ್ಯಾಸ್ತ್ರೀ. ಅವರು ಹುಡುಗರ ಕೈಗೆ ಮನೆಗಳ ಪಟ್ಟಿ ಕೊಟ್ಟರು. ಬ್ರೆಡ್ಡಿಗೆ ಚೀಟಿ, ಜೊತೆಗೆ ಕಲ್ಲಿದ್ದಲಿಗೂ ಚೀಟಿ ಕೊಟ್ಟರು. ತಿನ್ನಲು ಕೊಟ್ಟರೆ ಸಾಲದು, ಒಲೆಗೂ ಬೇಕು ಅಂತ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಮನೆಭೇಟಿಗೆ ಇಬ್ಬಿಬ್ಬರು ಹೋಗುವ ಪದ್ಧತಿ ಇವತ್ತಿಗೂ ಈ ಸಭೆಯಲ್ಲಿದೆ.

ಹಾಗಾಗಿ ತಮ್ಮ, ಮುಂದಿನ ಸಲ ಆಕೆ ಬಂದಾಗ ಬಾಗಿಲಲ್ಲಿ ನಿಂತು ಕೊಟ್ಟು ಕಳಿಸಬೇಡಿ. ನೀವೂ ನಿಮ್ಮ ಹೆಂಡತಿಯೂ ಸೇರಿ ಒಂದು ಸಂಜೆ ಅವರ ಮನೆಗೆ ಹೋಗಿ. ಹೆಂಡತಿ ಬೇಡ ಅಂದರೆ ಒತ್ತಾಯ ಮಾಡಬೇಡಿ. ಆಕೆಯ ಬೇಸರದಲ್ಲಿ ತಪ್ಪಿಲ್ಲ. ನೀವು ತೋಟದಲ್ಲಿರುವಾಗ ಬಾಗಿಲು ತೆರೆಯುವವರು ಅವರು. ಡಬ್ಬದ ಅಕ್ಕಿ ಎಷ್ಟು ಕಡಿಮೆಯಾಯಿತು ಅಂತ ಗೊತ್ತಿರುವುದೂ ಅವರಿಗೇ. ಇಬ್ಬರೂ ಕೂತು, ತಿಂಗಳಿಗೆ ನಮ್ಮಿಂದ ಇಷ್ಟು ಆಗುತ್ತದೆ ಅಂತ ತೀರ್ಮಾನ ಮಾಡಿ. ಅದನ್ನು ಆಕೆಗೂ ಬಿಡಿಸಿ ಹೇಳಿ. ಸಾಲ ಅನ್ನುವ ಮಾತು ಬಿಟ್ಟುಬಿಡಿ. ತೀರಿಸಲಾಗದ ಸಾಲ ಆಕೆಯನ್ನೂ ಕುಗ್ಗಿಸುತ್ತದೆ, ನಿಮ್ಮ ಮನಸ್ಸನ್ನೂ ಕಹಿ ಮಾಡುತ್ತದೆ. ನೋಟು ಕೈಗೆ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಮೂವರಿಗೂ ಗೊತ್ತು. ಮಕ್ಕಳ ಪುಸ್ತಕ, ಔಷಧಿ ನೇರವಾಗಿ ತೆಗೆದುಕೊಡಿ. ನೀವು ರೈಟರ್ ಅಲ್ವಾ, ಆಕೆಯ ಕೂಲಿ ಆಕೆಯ ಹೆಸರಿನ ಖಾತೆಗೇ ಹೋಗುತ್ತಿದೆಯಾ ನೋಡಿ. ನಿಮ್ಮಿಂದ ಮಾತ್ರ ಆಗುವ ಸಹಾಯ ಅದು. ಮುನ್ನೂರು ರೂಪಾಯಿಗಿಂತ ಅದು ದೊಡ್ಡದು.

ಗಂಡನ ಕುಡಿತವನ್ನು ನೀವು ಬಿಡಿಸಲಾರಿರಿ. ಆಲ್ಕೊಹಾಲಿಕ್ಸ್ ಅನಾನಿಮಸ್‌ನವರ ಕೂಟಗಳಿಗೆ ಹಣ ಕೊಡಬೇಕಾಗಿಲ್ಲ. ಕುಡಿತ ಬಿಟ್ಟವರೇ ಅಲ್ಲಿ ಕೂತು ಮಾತಾಡುತ್ತಾರೆ. ಕುಡಿಯುವವರ ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಕೂಟ ಇದೆ. ಅವನು ಹೋಗದಿದ್ದರೂ ಆಕೆ ಹೋಗಬಹುದು. ಹೊಡೆತ ಬಡಿತ ಇದ್ದರೆ 181ಕ್ಕೆ ಫೋನ್ ಮಾಡಲು ಹೇಳಿಕೊಡಿ, ಅದು ಮಹಿಳಾ ಸಹಾಯವಾಣಿ. ಜೀವಕ್ಕೇ ಅಪಾಯ ಅನಿಸಿದರೆ 112.

"ಎಲ್ಲಿಯವರೆಗೆ?" ಅಂತ ನಿಮ್ಮ ಪತ್ರದ ಕೊನೆಯಲ್ಲಿತ್ತು. ಸಮಾರಿಯದವನ ಕಥೆಯನ್ನು ಮತ್ತೊಮ್ಮೆ ನಿಧಾನವಾಗಿ ಓದಿ, ಲೂಕ 10ನೇ ಅಧ್ಯಾಯ. ಅವನು ತನ್ನ ಕೆಲಸಕ್ಕೆ ಹೊರಟವನು. ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಸವಾರಿಯ ಮೇಲೆ ಕೂರಿಸಿ ಛತ್ರಕ್ಕೆ ತಂದ. ಆ ರಾತ್ರಿ ತಾನೇ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಆ ಕಾಲಕ್ಕೆ ಅದು ಎರಡು ದಿನದ ಕೂಲಿ. ಹೆಚ್ಚಿಗೆ ಖರ್ಚಾದರೆ ನಾನು ವಾಪಸು ಬರುವಾಗ ಕೊಡುತ್ತೇನೆ ಅಂದ, ತನ್ನ ದಾರಿ ಹಿಡಿದ. ತನ್ನ ಕೆಲಸ ಬಿಡಲಿಲ್ಲ, ಮನೆ ಮಾರಲಿಲ್ಲ. ಇನ್ನೊಬ್ಬನನ್ನು ಜೊತೆಗೆ ಸೇರಿಸಿಕೊಂಡ. ಆದರೆ ವಾಪಸು ಬರುತ್ತೇನೆ ಅಂತ ಹೇಳಿ ಹೋದ. ನೀವೂ ಒಬ್ಬರೇ ಹೊರಬೇಡಿ. ನಿಮ್ಮ ಚರ್ಚಿನ ಸಭೆಯವರಿಗೆ ಆಕೆಯ ಮನೆ ತೋರಿಸಿ. ಆಮೇಲೆ ನೀವೂ ಹೋಗುತ್ತಿರಿ. ಆರು ತಿಂಗಳು ಬಿಟ್ಟು ನನಗೆ ಬರೆಯಿರಿ.

ಪ್ರಶ್ನೆ (ಬೆಂಗಳೂರಿನಿಂದ): ಸಿಸ್ಟರ್, ಕಳೆದ ತಿಂಗಳು ರಾತ್ರಿ ಕ್ಯಾಬ್‌ನಲ್ಲಿ ಬರುತ್ತಿದ್ದೆ. ರಸ್ತೆಯಲ್ಲಿ ಸ್ಕೂಟರ್‌ನವನೊಬ್ಬ ಬಿದ್ದಿದ್ದ, ರಕ್ತ ಹೋಗುತ್ತಿತ್ತು. ಸುತ್ತ ನಾಲ್ಕೈದು ಜನ ನಿಂತಿದ್ದರು. ನಿಲ್ಲಿಸಿ ಅಂದೆ. "ಮೇಡಂ, ಪೊಲೀಸ್ ಕೇಸಾಗುತ್ತೆ, ಸುಮ್ನೆ ಯಾಕೆ" ಅಂತ ಡ್ರೈವರ್ ಹೇಳಿದ. ನಾನು ಸುಮ್ಮನಾದೆ. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಇದು ಪಾಪವೇ?

ಉತ್ತರ: ಮಗಳೇ, ಪಾಪದ ಲೆಕ್ಕವನ್ನು ನಿನ್ನ ಫಾದರ್ ಹತ್ತಿರ ಹೇಳಿಕೋ, ಅದು ಹಗುರಾಗುತ್ತದೆ. ಮುಂದಿನ ಸಲಕ್ಕೆ ಬೇಕಾದದ್ದನ್ನು ನಾನು ಹೇಳುತ್ತೇನೆ. ನೀನು ಹೆದರಿದೆ. ಸಮಾರಿಯದವನ ಆ ಕಥೆಯಲ್ಲಿ ಅವನಿಗಿಂತ ಮೊದಲು ಗಾಯಾಳುವನ್ನು ನೋಡಿ ಆಚೆಯಿಂದ ದಾಟಿಹೋದ ಯಾಜಕನೂ, ದೇವಾಲಯದ ಸೇವೆಯ ಲೇವಿಯನೂ ಕೆಟ್ಟವರು ಅಂತ ನನಗೆ ಅನಿಸುವುದಿಲ್ಲ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿ ಅದು, ಕಳ್ಳರ ಭಯವಿದ್ದ ದಾರಿ. ಅವರೂ ಹೆದರಿದ್ದಿರಬೇಕು.

ಪೊಲೀಸ್ ಕೇಸಿನ ಹೆದರಿಕೆ ಈಗ ಬೇಡ. ಸಹಾಯ ಮಾಡಿದವರಿಗೆ ಕಿರುಕುಳ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಮಾರ್ಗಸೂಚಿಗೆ ಮುದ್ರೆ ಒತ್ತಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ 134ಎ ಅನ್ನುವ ಕಲಂ ಸೇರಿಸಿದರು. ಅದರಲ್ಲಿ ಇಂಥವರನ್ನು ಕರೆದಿರುವ ಹೆಸರು ಏನು ಗೊತ್ತಾ? ಗುಡ್ ಸಮಾರಿಟನ್. ಯೇಸುಸ್ವಾಮಿ ಹೇಳಿದ ಕಥೆಯ ಆ ಮನುಷ್ಯನ ಹೆಸರು ನಮ್ಮ ದೇಶದ ಕಾನೂನಿನಲ್ಲಿದೆ. ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿತ್ತು. ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು, ವಿಳಾಸ ಹೇಳಲೇಬೇಕು ಅಂತಿಲ್ಲ. ಸಾಕ್ಷಿಯಾಗು ಅಂತ ಬಲವಂತ ಮಾಡುವ ಹಾಗಿಲ್ಲ. ನೀವೇ ದುಡ್ಡು ಕಟ್ಟಿ ಅಂತ ಆಸ್ಪತ್ರೆಯವರು ಕೇಳುವ ಹಾಗಿಲ್ಲ.

ಇನ್ನು ನರ್ಸ್ ಆಗಿ ಎರಡು ಮಾತು. ಮೊದಲು 108ಕ್ಕೆ ಫೋನ್ ಮಾಡು. ಕಾರಿನಿಂದ ಇಳಿಯಲು ಧೈರ್ಯ ಬರದಿದ್ದರೂ ಅಷ್ಟು ಮಾಡು. ಯಾವ ಜಾಗ ಅಂತ ಸರಿಯಾಗಿ ಹೇಳು. ರಕ್ತ ಸುರಿಯುವ ಕಡೆ ದುಪಟ್ಟಾ ಆಗಲಿ ಕರವಸ್ತ್ರ ಆಗಲಿ ಮಡಚಿ ಇಟ್ಟು ಬಲವಾಗಿ ಒತ್ತಿ ಹಿಡಿ. ಒದ್ದೆಯಾಯಿತು ಅಂತ ತೆಗೆಯಬೇಡ, ಮೇಲೆ ಇನ್ನೊಂದು ಇಡು. ಕುತ್ತಿಗೆ ಎತ್ತಿ ಕೂರಿಸಬೇಡ. ಹೆಲ್ಮೆಟ್ ಎಳೆಯಬೇಡ. ನೀರು ಕುಡಿಸಬೇಡ. ನಮ್ಮ ಜನ ಪ್ರೀತಿಯಿಂದಲೇ ನೀರು ಕುಡಿಸಿಬಿಡುತ್ತಾರೆ, ಅದು ಶ್ವಾಸನಾಳಕ್ಕೆ ಹೋದರೆ ಕಷ್ಟ. ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿ ಕೂತು, "ನಾನು ಇಲ್ಲೇ ಇದ್ದೇನೆ" ಅನ್ನುತ್ತಿರು. ಕಣ್ಣು ಮುಚ್ಚಿದ್ದರೂ ಎಷ್ಟೋ ಜನರಿಗೆ ಕೇಳಿಸುತ್ತಿರುತ್ತದೆ. ಚೇತರಿಸಿಕೊಂಡ ಮೇಲೆ ಅವರೇ ನನಗೆ ಹೇಳಿದ್ದಾರೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಕ್ಕಾರೆ, ನಮ್ಮ ಚರ್ಚಿನ ಯುವಕರು ಭಾನುವಾರ ಆಸ್ಪತ್ರೆಯ ಹೊರಗೆ ರೋಗಿಗಳ ಮನೆಯವರಿಗೆ ಊಟ ಕೊಡುತ್ತಿದ್ದೆವು. ಮತಾಂತರ ಮಾಡಲು ಬಂದಿದ್ದೀರಿ ಅಂತ ಕೆಲವರು ಜಗಳ ತೆಗೆದರು. ಹಿರಿಯರು ನಿಲ್ಲಿಸಿ ಅನ್ನುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ನೋವು ಅರ್ಥವಾಗುತ್ತದೆ. ಹಿರಿಯರ ಭಯವೂ ಅರ್ಥವಾಗುತ್ತದೆ. ಆದರೂ ನಿಲ್ಲಿಸಬೇಡಿ ಅನ್ನುತ್ತೇನೆ. ಒಂದನ್ನು ನಿಮ್ಮ ಗುಂಪಿನೊಳಗೇ ಪ್ರಾಮಾಣಿಕವಾಗಿ ಕೇಳಿಕೊಳ್ಳಿ: ಅನ್ನದ ಜೊತೆ ಇನ್ನೇನಾದರೂ ಕೊಡುತ್ತಿದ್ದೀರಾ? ಒಂದು ಕರಪತ್ರ, ಒಂದು ಪ್ರಾರ್ಥನೆಯ ಕರೆ? ಇದ್ದರೆ ಬಿಡಿ. ಹಸಿದವನು ಬೇಡ ಅನ್ನಲಾರ. ಬೇಡ ಅನ್ನಲಾಗದವನ ಮುಂದೆ ಇನ್ನೇನನ್ನೂ ಇಡಬಾರದು. ಸಮಾರಿಯದವನು ಗಾಯಾಳುವಿನ ಜಾತಿ ಮತ ಕೇಳಲಿಲ್ಲ, ತನ್ನದನ್ನು ಹೇಳಲೂ ಇಲ್ಲ. ಅವನೇ ಆ ಊರಿನವರ ಕಣ್ಣಿಗೆ ಹೊರಗಿನವನು.

ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆಗಸ್ಟಸ್ ಮುಲ್ಲರ್ ಅನ್ನುವ ಜರ್ಮನಿಯ ಜೆಸ್ವಿತ್ ಫಾದರ್ ಆಲದ ಮರದ ಕೆಳಗೆ ಕೂತು ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. ಹತ್ತು ವರ್ಷ ಕಳೆದು, 1890ರಲ್ಲಿ, ಕುಷ್ಠ ರೋಗಿಗಳಿಗೆ ಆಶ್ರಯ ಕಟ್ಟಿದರು. ಮನೆಯವರೇ ಹೊರಗೆ ಹಾಕಿದವರನ್ನು ಮುಟ್ಟಿ ಗಾಯ ತೊಳೆಯುವ ಜಾಗ ಅದು. ಇವತ್ತು ಆ ಹೆಸರಿನ ಆಸ್ಪತ್ರೆಗೆ ಬರುವವರಲ್ಲಿ ಎಲ್ಲ ಜಾತಿ ಮತದವರೂ ಇದ್ದಾರೆ. ನಮ್ಮ ಕಡೆಯವರಿಗೆ ಅದು ಸುಮ್ಮನೆ "ಕಂಕನಾಡಿ ಆಸ್ಪತ್ರೆ".

ನಿಮ್ಮ ಊರಲ್ಲಿ ದಾಸೋಹ ಅಂದರೆ ಯಾರಿಗೆ ಗೊತ್ತಿಲ್ಲ? ಸಿದ್ಧಾರೂಢ ಮಠದಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಮಠ, ಮಸೀದಿ, ಸಂಘ ಸಂಸ್ಥೆ, ಯಾರಾದರೂ ಊಟ ಕೊಡುವವರಿದ್ದರೆ ಹೋಗಿ, ನಾವೂ ಬಡಿಸುತ್ತೇವೆ ಅಂತ ಕೇಳಿ. ಬ್ಯಾನರ್ ಬೇಡ. ಆಸ್ಪತ್ರೆಯವರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಪಡೆದುಕೊಳ್ಳಿ. ರಾತ್ರಿ ಹೊತ್ತು ಹಾಸಿಗೆಯ ಪಕ್ಕ ನೆಲದ ಮೇಲೆ ಮಲಗುವ ಆ ಮನೆಯವರನ್ನು ನಾನು ಮೂವತ್ತನಾಲ್ಕು ವರ್ಷ ನೋಡಿದ್ದೇನೆ. ರೋಗಿಗೆ ಊಟ ಬರುತ್ತದೆ, ಅವರಿಗೆ ಬರುವುದಿಲ್ಲ. ನೀವು ಸರಿಯಾದ ಜಾಗವನ್ನೇ ಹುಡುಕಿದ್ದೀರಿ.

ಪ್ರಶ್ನೆ (ಕಾರ್ಕಳದಿಂದ): ನನಗೆ ಎಪ್ಪತ್ತಾರು ವರ್ಷ. ಒಬ್ಬಳೇ ಇದ್ದೇನೆ, ವಿಧವಾ ಪಿಂಚಣಿ ಬರುತ್ತದೆ. ಹಬ್ಬಕ್ಕೆ, ತಪಸ್ಸುಕಾಲಕ್ಕೆ ಯಾರಾದರೂ ಅಕ್ಕಿ ಬೇಳೆಯ ಕಿಟ್ ತಂದುಕೊಡುತ್ತಾರೆ. ಕೊಡುವಾಗ ಫೋಟೋ ತೆಗೆಯುತ್ತಾರೆ, ಮತ್ತೆ ಅದು ಎಲ್ಲರ ಮೊಬೈಲಿಗೆ ಬರುತ್ತದೆ. ಮಗಳ ಮನೆಯವರೂ ನೋಡುತ್ತಾರೆ. ಕಳೆದ ಸಲ ನಾನು ಬೇಡ ಅಂದೆ. ನನಗೆ ಅಹಂಕಾರ ಅಂದರು. ನನ್ನದು ತಪ್ಪೇ?

ಉತ್ತರ: ಬಾಯಮ್ಮ, ನಿಮ್ಮದು ತಪ್ಪಲ್ಲ. ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಲಿ ಅಂತ ಯೇಸುಸ್ವಾಮಿ ಹೇಳಿದ್ದು ಕೊಡುವವರಿಗೆ, ಪಡೆಯುವವರಿಗಲ್ಲ. ನಾಚಿಕೆ ಪಡಬೇಕಾದವರು ನೀವಲ್ಲ. ಅಕ್ಕಿ ಬೇಕಿದ್ದರೆ ಇಟ್ಟುಕೊಳ್ಳಿ, "ಫೋಟೋ ಬೇಡ" ಅಂತ ನೇರವಾಗಿ ಹೇಳಿ. ಈ ಪುಟವನ್ನು ಅವರಿಗೆ ತೋರಿಸಿದರೂ ಆದೀತು.

ಕಿಟ್ ಹಂಚುವ ನನ್ನ ತಮ್ಮಂದಿರೇ, ತಂಗಿಯರೇ, ನಿಮಗೂ ಹೇಳುತ್ತೇನೆ. ಲೆಕ್ಕಕ್ಕೆ ಬೇಕಿದ್ದರೆ ಸಹಿ ಹಾಕಿಸಿಕೊಳ್ಳಿ. ಮುಖ ಬೇಡ. ಕಿಟ್‌ನಲ್ಲಿ ಏನಿರಬೇಕು ಅಂತ ಒಮ್ಮೆ ಅವರನ್ನೇ ಕೇಳಿ. ಹಲ್ಲಿಲ್ಲದವರಿಗೆ ಕಡಲೆಕಾಳು ಕೊಟ್ಟು ಬಂದದ್ದನ್ನು ನಾನು ಕಂಡಿದ್ದೇನೆ. ಸಕ್ಕರೆ ಕಾಯಿಲೆಯವರಿಗೆ ಎರಡು ಕಿಲೋ ಸಕ್ಕರೆ ಕೊಟ್ಟದ್ದನ್ನೂ ಕಂಡಿದ್ದೇನೆ.

ಬಾಯಮ್ಮ, ನಿಮ್ಮ ವಿಳಾಸವನ್ನು ಪತ್ರಿಕೆಯ ಕಚೇರಿಯಿಂದ ತೆಗೆದುಕೊಂಡಿದ್ದೇನೆ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕಳೆದ ಮೇಲೆ, ಸೋಮವಾರ ಬೆಳಿಗ್ಗೆ ಬಸ್ಸಿಗೆ ಬರುತ್ತೇನೆ. ಏನೂ ತರುವುದಿಲ್ಲ. ನನಗೆ ಅವತ್ತು ಬೇರೆ ಕೆಲಸ ಇಲ್ಲ. ನೀವು ಚಹಾ ಮಾಡಿ ಕೊಡಿ, ಒಳಗೆ ಕೂತು ಕುಡಿಯುತ್ತೇನೆ.